ನಮ್ಮ ಸೀಮೆಯ ವಲಸೆ ಬರೆದಿಟ್ಟ ಬುಕಾನನ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಫ್ರಾನ್ಸಿಸ್ ಬುಕಾನನ್ ಎಂದರೆ ಒಂದು ಅಂಕದ ಪ್ರಶ್ನೆ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ವೈದ್ಯ ಯಾರು ಎಂದು ಕೇಳುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತು ಮಾಡಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಆತ ಸುತ್ತಿದ ದಾರಿಯಲ್ಲಿ ನಮ್ಮ ಶಿಡ್ಲಘಟ್ಟವಿದೆ, ಚಿಕ್ಕಬಳ್ಳಾಪುರವಿದೆ, ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಿದೆ. ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಯುದ್ಧದಲ್ಲಿ ಏನೇನು ಕಳೆದುಕೊಂಡರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡವರಲ್ಲಿ ಆತ ಮೊದಲಿಗ. ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದ ನನಗೆ ಆತನ ಬದುಕು ಒಂದು ಅಂಕಕ್ಕಿಂತ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರುವರಿ 15ರಂದು, ಸ್ಕಾಟ್ಲೆಂಡಿನ ಕ್ಯಾಲೆಂಡರ್ ಎಂಬ ಊರಿನ ಹತ್ತಿರ. ತಂದೆ ಥಾಮಸ್ ಬುಕಾನನ್ ವೈದ್ಯರು, ತಾಯಿ ಎಲಿಜಬೆತ್ ಹ್ಯಾಮಿಲ್ಟನ್. ಮನೆಗೆ ಜಮೀನಿತ್ತು, ಆದರೆ ಈತ ನಾಲ್ಕನೆಯ ಮಗ. ಆ ದೇಶದ ಪದ್ಧತಿಯಲ್ಲಿ ಆಸ್ತಿ ಹೋಗುವುದು ಹಿರಿಯನಿಗೆ. ಕಿರಿಯರು ಓದಿ ಕೆಲಸ ಹುಡುಕಿಕೊಳ್ಳಬೇಕು. ಬುಕಾನನ್ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಹೆಸರಾಂತ ಪ್ರಾಧ್ಯಾಪಕರ ಬಳಿ ಸಸ್ಯಶಾಸ್ತ್ರವನ್ನೂ ಕಲಿತ. ಮನಸ್ಸೆಲ್ಲ ಗಿಡಮರಗಳ ಮೇಲೆ, ಹೊಟ್ಟೆಪಾಡಿಗೆ ಮಾತ್ರ ವೈದ್ಯವೃತ್ತಿ.

ಪದವಿ ಕೈಗೆ ಬಂದ ಕೂಡಲೇ ನೆಲೆ ಸಿಕ್ಕಲಿಲ್ಲ. ಹಡಗಿನಲ್ಲಿ ವೈದ್ಯನಾಗಿ ಸೇರಿದ, ಆರೋಗ್ಯ ಕೆಟ್ಟಿತು, ಊರಿಗೆ ಮರಳಿ ಸುಧಾರಿಸಿಕೊಂಡ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿ ಕಾಯಂ ಕೆಲಸ ಸಿಕ್ಕಾಗ 1794. ಪದವಿ ಮುಗಿದು 11 ವರ್ಷವಾಗಿತ್ತು, ವಯಸ್ಸು 32. ವಯೋಮಿತಿ ಮೀರುತ್ತಿದೆ ಎಂದು ದಿನ ಎಣಿಸುವ ನಮ್ಮ ಗೆಳೆಯರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಕೆಲಸಕ್ಕೆ ಸೇರಿದ ಮರುವರ್ಷವೇ, 1795ರಲ್ಲಿ, ಬರ್ಮಾದ ರಾಜಧಾನಿಗೆ ಹೊರಟ ಕಂಪನಿಯ ನಿಯೋಗದ ಜೊತೆ ಆತನನ್ನು ವೈದ್ಯನಾಗಿ ಕಳಿಸಿದರು. ಬುಕಾನನ್ ಅಲ್ಲಿ ಗಿಡಗಳನ್ನಷ್ಟೇ ಸಂಗ್ರಹಿಸಲಿಲ್ಲ. ಯಾವ ಜನ ಯಾವ ಭಾಷೆ ಆಡುತ್ತಾರೆ, ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡ. 1798ರಲ್ಲಿ ಮಸಾಲೆ ಬೆಳೆಗೆ ತಕ್ಕ ಜಾಗ ಹುಡುಕಲು ಕಂಪನಿ ಆತನನ್ನು ಚಿತ್ತಗಾಂಗ್ ಕಡೆಗೆ ಅಟ್ಟಿತು. ಅದು ಇಂದಿನ ಬಾಂಗ್ಲಾದೇಶದ ಆಗ್ನೇಯ ಮೂಲೆ. ಅಲ್ಲಿ ಆತನ ಕಣ್ಣಿಗೆ ಬಿದ್ದವರು ನಿರಾಶ್ರಿತರು. ಬರ್ಮಾದ ದೊರೆ 1784-85ರಲ್ಲಿ ಅರಕಾನ್ ರಾಜ್ಯವನ್ನು ಗೆದ್ದಿದ್ದ. ಅಲ್ಲಿನ ಜನ ಸಾವಿರಗಟ್ಟಲೆ ಗಡಿ ದಾಟಿ ಕಂಪನಿಯ ನೆಲಕ್ಕೆ ಬಂದಿದ್ದರು. ಅವರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆ ಮರುವರ್ಷ ಹಿರಾಂ ಕಾಕ್ಸ್ ಎಂಬ ಅಧಿಕಾರಿಯನ್ನು ನೇಮಿಸಿದರು. ಆತ 1799ರಲ್ಲಿ ಅಲ್ಲೇ ತೀರಿಕೊಂಡ. ಆತನ ಹೆಸರಿನ ಊರೇ ಕಾಕ್ಸ್ ಬಜಾರ್.

ಈ ಊರಿನ ಹೆಸರು ನಮಗೆ ಗೊತ್ತು. 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಓಡಿಬಂದು ಟೆಂಟು ಹಾಕಿಕೊಂಡದ್ದು ಇದೇ ಜಿಲ್ಲೆಯಲ್ಲಿ. ಬುಕಾನನ್ 1799ರಲ್ಲಿ ಪ್ರಕಟಿಸಿದ ಬರ್ಮಾದ ಭಾಷೆಗಳ ಕುರಿತ ಲೇಖನದಲ್ಲಿ, ಅರಕಾನಿನಲ್ಲಿ ಬಹುಕಾಲದಿಂದ ನೆಲೆಸಿದ್ದ ಮುಸ್ಲಿಮರು ತಮ್ಮನ್ನು ರೂಯಿಂಗಾ ಎಂದು ಕರೆದುಕೊಳ್ಳುತ್ತಾರೆ ಎಂದು ಬರೆದಿದ್ದ. ಭಾಷೆಯ ಪಟ್ಟಿ ಮಾಡುವಾಗ ಬರೆದ ಒಂದು ಸಾಲು ಅದು. 1982ರ ಪೌರತ್ವ ಕಾನೂನು ಆ ಜನರನ್ನು ಹೊರಗಿಟ್ಟ ಮೇಲೆ, ನೀವು ಈ ನೆಲದವರೇ ಅಲ್ಲ ಎಂದು ಹೇಳುವವರ ಎದುರು ಅವರ ಕಡೆಯವರು ಈಗಲೂ ತೋರಿಸುವ ಹಳೆಯ ದಾಖಲೆಗಳಲ್ಲಿ ಆ ಸಾಲೂ ಒಂದು. ಅದರ ಅರ್ಥ ಏನು ಎಂಬ ವಾದ ಇನ್ನೂ ನಿಂತಿಲ್ಲ. ಎದುರಿಗಿದ್ದವರನ್ನು ನೀವು ಯಾರು ಎಂದು ಕೇಳಿ ಬರೆದುಕೊಂಡ ಒಂದು ಮಾತು 200 ವರ್ಷದ ಮೇಲೂ ಜನರ ಬದುಕಿಗೆ ಸಂಬಂಧಪಟ್ಟಿದೆ.

ಈಗ ನಮ್ಮ ಕಡೆಗೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ದಿವಾನ್ ಪೂರ್ಣಯ್ಯನವರ ಕೈಗೆ ಆಡಳಿತ ಕೊಟ್ಟರು. ಗೆದ್ದ ಸೀಮೆಯಲ್ಲಿ ಏನಿದೆ ಎಂದು ತಿಳಿಯಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರುವರಿಯಲ್ಲಿ ಬುಕಾನನ್‌ಗೆ ಆದೇಶ ಕೊಟ್ಟ. ಬೆಳೆ, ಕಂದಾಯ, ದನಕರು, ನೇಯ್ಗೆ, ಕಬ್ಬಿಣ, ಗಣಿ, ಬೆಲೆ, ಅಳತೆ, ಜಾತಿ, ಆಚಾರ ಎಲ್ಲವನ್ನೂ ವಿಚಾರಿಸಿ ಬರೆಯಬೇಕು ಎಂಬುದು ಆದೇಶ. ಜನರ ಕಷ್ಟ ಕೇಳಿ ಬಾ ಎಂದು ಯಾರೂ ಹೇಳಿರಲಿಲ್ಲ.

ಬುಕಾನನ್ 1800ರ ಏಪ್ರಿಲ್ 23ರಂದು ಮದ್ರಾಸ್ ಬಿಟ್ಟ. ಡೇರೆ, ಆಳುಗಳು, ದುಭಾಷಿ ಜೊತೆಗಿದ್ದರು. ಮುಂದಿನ ವರ್ಷದ ಜುಲೈವರೆಗೆ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. ಇಳಿದ ಊರಲ್ಲೆಲ್ಲ ರೈತರನ್ನು, ನೇಕಾರರನ್ನು, ಗಾಣಿಗರನ್ನು, ಕಬ್ಬಿಣ ಕರಗಿಸುವವರನ್ನು ಕರೆಸಿ ಕೂರಿಸಿಕೊಂಡು ಕೇಳುತ್ತಿದ್ದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿ ತಾಳೆ ನೋಡುತ್ತಿದ್ದ. ರಾಗಿಯಲ್ಲಿ ಎಷ್ಟು ಬಗೆ, ಅದರ ಜೊತೆ ಅವರೆ, ತೊಗರಿಯನ್ನು ಸಾಲು ಹಾಕುವುದು ಹೇಗೆ, ಒಂದು ಖಂಡುಗ ಎಂದರೆ ಎಷ್ಟು ಸೇರು ಎಂಬುದೆಲ್ಲ ಆತನ ಪುಸ್ತಕದಲ್ಲಿದೆ. ನಮ್ಮ ತಾತಂದಿರು ಕಂಡಿದ್ದ ಬೇಸಾಯಕ್ಕೂ ಆತ ಬರೆದದ್ದಕ್ಕೂ ಬಹಳ ವ್ಯತ್ಯಾಸವಿಲ್ಲ.

ಆದರೆ ರಾಗಿಯ ಬಗ್ಗೆ ಕೇಳಿದರೂ ಜನರ ಉತ್ತರ ಯುದ್ಧಕ್ಕೆ ಬಂದು ನಿಲ್ಲುತ್ತಿತ್ತು. ಈ ಹೊಲ ಯಾಕೆ ಬೀಳು? ಉಳುವವರು ಓಡಿಹೋದರು. ಈ ಬೀದಿಯಲ್ಲಿ ಮಗ್ಗಗಳು ಯಾಕೆ ಕಡಿಮೆ? ನೇಕಾರರು ಊರು ಬಿಟ್ಟರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲಕ್ಕೆ ಬಹಳ ಹೆಚ್ಚು ಜನರಿದ್ದರು ಎಂದು ಅಲ್ಲಿನ ಪ್ರಮುಖರು ಹೇಳಿದರು. ಬುಕಾನನ್ ಮನೆಗಳ ಲೆಕ್ಕ ಹಿಡಿದು ನೋಡಿದಾಗ ಕೋಟೆ, ಗಂಜಾಂ ಎರಡೂ ಸೇರಿ ಸುಮಾರು 32 ಸಾವಿರ ಜನ ಸಿಕ್ಕರು. ಬೆಂಗಳೂರಿನಲ್ಲಿ ಬೇರೆಯದೇ ಕಥೆ. ನೆರೆರಾಜ್ಯಗಳ ಜೊತೆಗಿನ ವ್ಯಾಪಾರವನ್ನು ಟಿಪ್ಪು ತಡೆದಾಗ ವರ್ತಕರು ಸೊರಗಿದ್ದರು, 1791ರಲ್ಲಿ ಬ್ರಿಟಿಷರು ಪೇಟೆಗೆ ನುಗ್ಗಿದಾಗ ಉಳಿದವರೂ ಚದುರಿದ್ದರು. ಬುಕಾನನ್ ಹೋಗುವ ಹೊತ್ತಿಗೆ ಅವರು ಒಬ್ಬೊಬ್ಬರಾಗಿ ಮರಳುತ್ತಿದ್ದರು.

1800ರ ಜುಲೈ ತಿಂಗಳಲ್ಲಿ ಬುಕಾನನ್ ಬೆಂಗಳೂರಿನಿಂದ ಕೋಲಾರಕ್ಕೆ, ಅಲ್ಲಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ತೊಂಡೇಬಾವಿ ಹಾದು ಮಧುಗಿರಿ, ಶಿರಾ ಕಡೆಗೆ ಹೋದ. ಶಿಡ್ಲಘಟ್ಟವನ್ನು ಆತ ಬರೆದುಕೊಂಡದ್ದು ಸಿಲಗುಟ್ಟ ಎಂದು. ಚಿಂತಾಮಣಿಯೂ ಇದೇ ದಂಡುಗಳ ಕಾಲದ ನೆನಪನ್ನು ಹೆಸರಿನಲ್ಲೇ ಹೊತ್ತ ಊರು. ಅದನ್ನು ಕಟ್ಟಿದವನು ಚಿಂತಾಮಣಿ ರಾವ್ ಎಂಬ ಮರಾಠ ನಾಯಕ ಎನ್ನುತ್ತದೆ ಗೆಜೆಟಿಯರ್. ಅಲ್ಲಿಗೆ ಹತ್ತಿರದ ಕೈವಾರದಲ್ಲಿ ಬಳೆ ಮಾರುತ್ತಿದ್ದು ಯೋಗಿಯಾದ ನಾರೇಯಣ ತಾತಯ್ಯನವರು ಬದುಕಿದ್ದದ್ದೂ ಇದೇ ಕಾಲದಲ್ಲಿ ಎಂದು ಭಕ್ತರ ನಂಬಿಕೆ.

ಬುಕಾನನ್ ಬಂದಾಗ ಈ ಸೀಮೆಯ ಜನರ ಮನಸ್ಸಿನಲ್ಲಿ ಹಸಿಯಾಗಿದ್ದದ್ದು 1799ರ ಯುದ್ಧವಲ್ಲ, ಅದಕ್ಕೂ ಎಂಟು ವರ್ಷ ಹಿಂದಿನದು. ಮೂರನೆಯ ಮೈಸೂರು ಯುದ್ಧ ಎಂದು ನಾವು ಓದುವುದು ಅದನ್ನೇ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಬೆನ್ನಲ್ಲೇ ನಿಜಾಮನ ಕುದುರೆ ದಂಡನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೋಟೆಗಳು ಆ ದಾರಿಯಲ್ಲೇ ಆತನಿಗೆ ಒಪ್ಪಿಸಿಕೊಂಡವು. ನಿಜಾಮನ ಕಡೆಯಿಂದ ಬಂದ ಕುದುರೆಗಳೇ ಸುಮಾರು 10 ಸಾವಿರ. ಅವಕ್ಕೆ ಮೇವು ಎಲ್ಲಿಂದ? ಹಳ್ಳಿಗಳ ಬಣವೆಯಿಂದ. ಇನ್ನೊಂದು ಕಡೆಯಿಂದ ಮರಾಠರ ದಂಡು ಬಂತು. ಶತ್ರುವಿಗೆ ಕಾಳು, ಮೇವು ಸಿಗಬಾರದೆಂದು ಟಿಪ್ಪುವಿನ ಸೈನ್ಯ ತನ್ನ ಸೀಮೆಯನ್ನೇ ಸುಟ್ಟು ಬರಿದು ಮಾಡುತ್ತಿತ್ತು. ಆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಕಾರ್ನ್‌ವಾಲಿಸ್‌ನ ಎತ್ತುಗಳು ಹಿಂಡು ಹಿಂಡಾಗಿ ಸತ್ತವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ಆತನೇ ಒಡೆಸಿ ಹಾಕಿ ಹಿಂದಿರುಗಬೇಕಾಯಿತು. ಸೈನ್ಯದ ಎತ್ತುಗಳ ಪಾಡೇ ಹಾಗಾದರೆ ಹಳ್ಳಿಯವರ ಪಾಡೇನು?

ಮಳೆಗಾಲ ಕಳೆದ ಮೇಲೆ ದಂಡು ನಂದಿದುರ್ಗಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಮುತ್ತಿಗೆ ಶುರುವಾಯಿತು. ಕಡಿದಾದ ಬಂಡೆಯ ಮೇಲೆ ಫಿರಂಗಿ ಏರಿಸಿ, ಗೋಡೆ ಒಡೆದು, ಅಕ್ಟೋಬರ್ 19ರ ರಾತ್ರಿ ಚಂದ್ರ ಮೂಡುವ ಹೊತ್ತಿಗೆ ನುಗ್ಗಿ ಕೋಟೆ ಹಿಡಿದರು. ನಾವು ಭಾನುವಾರ ಬೆಳಿಗ್ಗೆ ಮೋಡ ನೋಡಲು ಬೈಕಿನಲ್ಲಿ ಹೋಗುತ್ತೇವಲ್ಲ, ಅದೇ ನಂದಿಬೆಟ್ಟ. ಟಿಪ್ಪು ಡ್ರಾಪ್ ಬಳಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಮುತ್ತಿಗೆ ನಡೆದಷ್ಟು ದಿನ ಬೆಟ್ಟದ ಬುಡದ ಹಳ್ಳಿಗಳ ಒಲೆ ಹೊತ್ತಿತೇ ಎಂದು ಹೇಳುವ ಫಲಕ ಅಲ್ಲಿಲ್ಲ.

ಒಲೆ ಆರಿದ್ದನ್ನು ಹೇಳುವುದು ಬುಕಾನನ್. ಈ ಪ್ರವಾಸದಲ್ಲಿ ಕ್ಷಾಮದ ಬಗ್ಗೆ ವಿಚಾರಿಸಿದಾಗ ಜನ ಹೇಳಿದ್ದನ್ನು ಆತ ಹೀಗೆ ಬರೆದಿಟ್ಟ. ಮಳೆ ಕೈಕೊಡುವುದು ಈ ಸೀಮೆಗೆ ಹೊಸದಲ್ಲ, ಬರಗಾಲ ಹಿಂದೆಯೂ ಬಂದಿತ್ತು. ಆದರೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದ ಕಾಲದಷ್ಟು ಘೋರವಾದದ್ದು ಯಾವುದೂ ಇರಲಿಲ್ಲ. ಶತ್ರುಗಳ ದಂಡು ಎಲ್ಲ ದಿಕ್ಕಿನಿಂದ ಹಾದುಹೋದವು. ಕಾಯಬೇಕಾದ ದಂಡೂ ಹಾಳು ಮಾಡುವುದರಲ್ಲಿ ಹೆಚ್ಚು ಹಿಂದೆ ಬೀಳಲಿಲ್ಲ. ಜನರಲ್ಲಿ ಕಡಿಮೆಯೆಂದರೂ ಅರ್ಧದಷ್ಟು ಮಂದಿ ಅನ್ನವಿಲ್ಲದೆ ಸತ್ತರು.

ಅರ್ಧದಷ್ಟು ಎಂಬುದು ಜನಗಣತಿಯ ಅಂಕಿಯಲ್ಲ. ಬದುಕುಳಿದವರು ನೆನೆದು ಹೇಳಿದ ಮಾತು ಅದು. ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಎರಡು ಮನೆಗೆ ಒಂದು ಮನೆ ಖಾಲಿಯಾದದ್ದನ್ನು ಕಂಡವರಿಗೆ ಮಾತ್ರ ಅಂಥ ಮಾತು ಬರುತ್ತದೆ. ಇನ್ನೊಂದು ವಿಷಯ ಗಮನಿಸಬೇಕು. ಬುಕಾನನ್ ಸಂಬಳ ಪಡೆಯುತ್ತಿದ್ದದ್ದು ಕಂಪನಿಯಿಂದ. ಟಿಪ್ಪುವಿನ ಆಡಳಿತವನ್ನು ಆತ ಅಲ್ಲಲ್ಲಿ ಕಟುವಾಗಿ ಟೀಕಿಸುತ್ತಾನೆ, ಬ್ರಿಟಿಷರು ಬಂದದ್ದು ಒಳ್ಳೆಯದಾಯಿತು ಎಂಬ ಧಾಟಿ ಪುಸ್ತಕದುದ್ದಕ್ಕೂ ಇದೆ. ಇಲ್ಲಿನ ಜನರ ಜಾತಿ, ಪೂಜೆ, ಪುರೋಹಿತರ ಬಗ್ಗೆ ಆತನ ತಾತ್ಸಾರವೂ ಕಾಣುತ್ತದೆ. ಅಂಥವನೂ ಈ ಕ್ಷಾಮವನ್ನು ಒಬ್ಬರ ತಲೆಗೆ ಕಟ್ಟಲಿಲ್ಲ. ತನ್ನ ಒಡೆಯರ ಸೇನೆಯನ್ನೂ ಸೇರಿಸಿಯೇ ಬರೆದ. ರೈತರು ಹೇಳಿದ್ದನ್ನು ತಿದ್ದದೆ ಇಟ್ಟ. ಇವತ್ತು ಆ ಕಾಲದ ಮಾತು ಬಂದರೆ ನಾವು ಯಾವ ದೊರೆ ಒಳ್ಳೆಯವನು, ಯಾವನು ಕೆಟ್ಟವನು ಎಂದು ಜಗಳಕ್ಕೆ ಬೀಳುತ್ತೇವೆ. ಆ ಜಗಳದಲ್ಲಿ ಹಸಿದು ಸತ್ತವರ ಮಾತೇ ಬರುವುದಿಲ್ಲ.

ಬದುಕುಳಿದವರು ಹೇಗೆ ಉಳಿದರು? ಇದಕ್ಕೆ ಬುಕಾನನ್ ಜೊತೆ ಇನ್ನೊಬ್ಬನನ್ನು ಓದಬೇಕು. ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು, 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ತಂದವನು. ಶತ್ರುವಿನ ದಂಡು ಹತ್ತಿರ ಬಂತೆಂದು ತಿಳಿದರೆ ಹಳ್ಳಿಗರು ಏನು ಮಾಡುತ್ತಿದ್ದರು ಎಂದು ಆತ ವಿವರಿಸಿದ್ದಾನೆ. ಹೊರಲಾಗದ ವಸ್ತುಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಆರು ವರ್ಷ ದಾಟಿದ ಮಕ್ಕಳೂ ಸೇರಿ ಪ್ರತಿಯೊಬ್ಬರೂ ತಮ್ಮ ಶಕ್ತಿಯಷ್ಟು ಕಾಳಿನ ಗಂಟು ಹೊತ್ತು, ಕೂಸುಗಳನ್ನು ತಾಯಂದಿರು ಎತ್ತಿಕೊಂಡು, ಊರಿಗೆ ಊರೇ ಹೊರಡುತ್ತಿತ್ತು. ಯಾವುದಾದರೂ ಗಟ್ಟಿ ಕೋಟೆಗೆ, ಇಲ್ಲವೇ ಜನ ಓಡಾಡದ ಬೆಟ್ಟ ಕಾಡಿಗೆ. ದಂಡು ಬೇಗ ತೊಲಗಿದರೆ ಮರಳಿ ಬರುತ್ತಿದ್ದರು. ತೊಲಗದೆ ಅಲ್ಲೇ ಬೀಡುಬಿಟ್ಟರೆ ಗಂಟಿನ ಕಾಳು ಮುಗಿಯುತ್ತಿತ್ತು, ಬಹುಪಾಲು ಜನ ಅಲ್ಲೇ ಸಾಯುತ್ತಿದ್ದರು. ಹೀಗೆ ಹೊರಟ ಜನರಿಗೆ ಈ ಸೀಮೆಯಲ್ಲಿ ಒಂದು ಹೆಸರಿದೆ ಎಂದು ವಿಲ್ಕ್ಸ್ ಬರೆಯುತ್ತಾನೆ. ಆ ಹೆಸರು ವಲಸೆ.

ವಲಸೆ ಎಂದರೆ ಇವತ್ತು ನಮಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು, ಅಲ್ಲೇ ಪಿಜಿಯಲ್ಲಿ ಉಳಿಯುವುದು. ಪತ್ರಿಕೆಯಲ್ಲಿ, ಪ್ರಬಂಧದಲ್ಲಿ, ಸರ್ಕಾರಿ ವರದಿಯಲ್ಲಿ ದಿನಾ ಓದುವ ಪದ. ಅದರೊಳಗೆ ಕಾಳಿನ ಗಂಟು ಹೊತ್ತ ಆರು ವರ್ಷದ ಮಗು ಇದೆ ಎಂಬುದನ್ನು ವಿಲ್ಕ್ಸ್ ಓದಿದ ಮೇಲೆ ನನಗೆ ಮರೆಯಲಾಗುತ್ತಿಲ್ಲ. ಹಳೆಯ ಹಳ್ಳಿಗಳಲ್ಲಿ ಕೋಟೆ, ಬುರುಜು ಎಂದು ಕರೆಯುವ ಜಾಗಗಳಿರುತ್ತವೆ. ರಾಗಿ ತುಂಬಿಡುತ್ತಿದ್ದ ಹಗೇವಿನ ಗುಂಡಿಗಳನ್ನು ಹಿರಿಯರು ತೋರಿಸುತ್ತಾರೆ. ಮಣ್ಣಿನ ಗೋಡೆ ಕಟ್ಟಿ, ಸುತ್ತ ಮುಳ್ಳಿನ ಬೇಲಿ ಬೆಳೆಸಿ, ಅಪಾಯ ಬಂದಾಗ ದನಕರುಗಳ ಸಮೇತ ಒಳಗೆ ಸೇರುತ್ತಿದ್ದ ಹಳ್ಳಿಗಳನ್ನು ಬುಕಾನನ್ ಈ ಭಾಗದಲ್ಲಿ ಕಂಡು ಬರೆದಿದ್ದಾನೆ. ಆ ಬುರುಜುಗಳೆಲ್ಲ ದೊರೆಗಳ ಪ್ರತಾಪಕ್ಕೆ ಎದ್ದವಲ್ಲ, ಎಷ್ಟೋ ಕಡೆ ಹೆದರಿದ ರೈತರು ತಮ್ಮ ಪ್ರಾಣಕ್ಕೆ ಕಟ್ಟಿಕೊಂಡವು.

ಓಡಿಬಂದವರ ನೆನಪು ನಮ್ಮ ಊರುಗಳ ಹುಟ್ಟಿನಲ್ಲೇ ಇದೆ. ಚಿಕ್ಕಬಳ್ಳಾಪುರವನ್ನು ಕಟ್ಟಿದ ಆವತಿ ನಾಡಪ್ರಭುಗಳ ಪೂರ್ವಿಕರು ಕಂಚಿ ಸೀಮೆಯವರು. ಅಲ್ಲಿನ ಬಲಿಷ್ಠನೊಬ್ಬ ಮನೆಯ ಹೆಣ್ಣುಮಗಳನ್ನು ಬಲವಂತದಿಂದ ಮದುವೆಗೆ ಕೇಳಿದಾಗ ರಾತ್ರೋರಾತ್ರಿ ಗಾಡಿ ಕಟ್ಟಿ ಹೊರಟು, ಪಾಲಾರ್ ದಾಟಿ, ನಂದಿಯ ಆಸುಪಾಸಿಗೆ ಬಂದು ನೆಲೆಸಿದರು ಎಂಬುದು ಐತಿಹ್ಯ. ಆ ವಂಶದ ಕೈಯಿಂದ 1760ರ ದಶಕದ ಆರಂಭದಲ್ಲಿ ಹೈದರ್ ಅಲಿ ಚಿಕ್ಕಬಳ್ಳಾಪುರವನ್ನು ಕಿತ್ತುಕೊಂಡ. 1791ರ ದಂಡು ಬಂದದ್ದು ಅದಾದ ಮೂವತ್ತು ವರ್ಷಕ್ಕೆ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗ ಮೂವರೂ ಊರು ಬಿಟ್ಟು ಮತ್ತೆ ಬಂದಿರಬಹುದಾದ ಕಾಲ ಅದು. ಬೀಳು ಬಿದ್ದ ಹೊಲಕ್ಕೆ ರೈತರನ್ನು ಮರಳಿ ಕರೆತರಲು ಮೊದಲ ಕೆಲವು ವರ್ಷ ಕಂದಾಯ ಇಳಿಸಿ ಕೌಲು ಕೊಡುವುದು ಆ ದಿನಗಳ ರೂಢಿಯಾಗಿತ್ತು. ಇವತ್ತು ನಮ್ಮಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಬೆಳೆಯುವ ನೆಲದ ಒಂದು ಪಾಲು ಹೀಗೆ ಮರಳಿ ಬಂದವರು ಮತ್ತೆ ಉತ್ತಿ ಹಸನು ಮಾಡಿದ ನೆಲವೇ ಇರಬೇಕು.

ಬುಕಾನನ್ ಮುಂದಿನ ಬದುಕೂ ತಿರುಗಾಟದಲ್ಲೇ ಕಳೆಯಿತು. 1802-03ರಲ್ಲಿ ನೇಪಾಳಕ್ಕೆ ಹೋದ. ಆಮೇಲೆ ವೆಲ್ಲೆಸ್ಲಿಯ ಖಾಸಗಿ ವೈದ್ಯನಾದ. ಬರಾಕ್‌ಪುರದಲ್ಲಿ ಪ್ರಾಣಿಸಂಗ್ರಹಾಲಯ ನೋಡಿಕೊಂಡ. ಮೈಸೂರು ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್‌ನಲ್ಲಿ ಮೂರು ಸಂಪುಟಗಳಾಗಿ ಬಂತು. ದಿನಚರಿಯನ್ನು ಮೊಟಕು ಮಾಡಿ, ವಿಷಯವಾರು ಜೋಡಿಸಿ ಕೊಡಬೇಕೆಂದು ಆತನಿಗೆ ಇತ್ತು. ಆದರೆ ಆತ ಇಂಗ್ಲೆಂಡ್ ತಲುಪುವಷ್ಟರಲ್ಲಿ ಅಚ್ಚು ಶುರುವಾಗಿತ್ತು, ತಿದ್ದಲು ಪುರುಸೊತ್ತು ಸಿಗಲಿಲ್ಲ. ಇದರಿಂದ ನಮಗೆ ಲಾಭವೇ ಆಯಿತು ಎಂದು ನನ್ನ ಎಣಿಕೆ. ಮೊಟಕು ಮಾಡಿದ್ದರೆ ಕಂದಾಯ, ಬೆಳೆ, ಬೆಲೆ ಉಳಿದು, ಒಂದೊಂದು ಊರಲ್ಲಿ ಜನ ಹೇಳಿಕೊಂಡ ಸಂಕಟ ಬಿಟ್ಟುಹೋಗುತ್ತಿತ್ತೋ ಏನೋ.

1807ರಿಂದ 1814ರವರೆಗೆ ಬಂಗಾಳ, ಬಿಹಾರದ ಜಿಲ್ಲೆಗಳ ಸಮೀಕ್ಷೆ ಮಾಡಿದ. 1814ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಗಿಡಮರಗಳ ಮೇಲಿನ ಆತನ ಆಸೆಗೆ ತಕ್ಕ ಕೆಲಸ ಅದು. ಸಿಕ್ಕಾಗ ವಯಸ್ಸು 52, ಆರೋಗ್ಯ ಸೋತಿತ್ತು. ಮರುವರ್ಷ ಭಾರತ ಬಿಟ್ಟ. ಹೊರಡುವಾಗ, ವರ್ಷಗಟ್ಟಲೆ ಕಲಾವಿದರಿಂದ ಬರೆಸಿದ್ದ ಗಿಡಗಳ ಚಿತ್ರಗಳನ್ನು ಒಯ್ಯಲು ಅಂದಿನ ಗವರ್ನರ್ ಜನರಲ್ ಬಿಡಲಿಲ್ಲ. ಅವು ಕಂಪನಿಯ ಸ್ವತ್ತು ಎಂಬ ಕಾರಣ ಕೊಟ್ಟರು. ಅಣ್ಣಂದಿರ ನಂತರ ತಾಯಿಯ ಕಡೆಯ ಆಸ್ತಿ ಈತನಿಗೇ ಬಂದು, ಹೆಸರಿಗೆ ಹ್ಯಾಮಿಲ್ಟನ್ ಸೇರಿತು. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ತಂದ. ನಮ್ಮ ಕೆರೆಗಳಲ್ಲಿ ಮರಿ ಬಿಟ್ಟು ಸಾಕುವ ರೋಹು, ಕಾಟ್ಲಾ ಮೀನುಗಳನ್ನೂ, ಈಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಸುವ ಜೀಬ್ರಾ ಮೀನನ್ನೂ ಮೊದಲು ಶಾಸ್ತ್ರೀಯವಾಗಿ ವಿವರಿಸಿದ್ದು ಆತನೇ. ಸಿಹಿತಿಂಡಿಗೆ ಹಾಕುವ ಚಾರೋಳಿ ಬೀಜದ ಮರದ ಕುಲಕ್ಕೆ ಬುಕನಾನಿಯ ಎಂದು ಆತನ ಹೆಸರಿಟ್ಟಿದ್ದಾರೆ. 1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ಏಳು ವರ್ಷದ ಬಂಗಾಳ ಸಮೀಕ್ಷೆ ಆತ ಬದುಕಿರುವಾಗ ಪುಸ್ತಕವಾಗಲಿಲ್ಲ. 1838ರಲ್ಲಿ ಅದರ ಭಾಗಗಳು ಅಚ್ಚಾದಾಗ ಮುಖಪುಟದಲ್ಲಿದ್ದ ಹೆಸರು ಸಂಪಾದಕ ಮಾಂಟ್ಗೊಮರಿ ಮಾರ್ಟಿನ್‌ನದು.

ಆತನ ಶ್ರಮಕ್ಕೆ ಇನ್ನೊಬ್ಬರ ಹೆಸರು ಬಂತು ಎಂದು ಓದಿದಾಗ ಬೇಸರವಾಗುತ್ತದೆ. ಅದೇ ಬೇಸರದಲ್ಲಿ ಇನ್ನೊಂದು ಮಾತೂ ಹೇಳಬೇಕು. ಶಿಡ್ಲಘಟ್ಟದಲ್ಲಿ, ಚಿಕ್ಕಬಳ್ಳಾಪುರದಲ್ಲಿ, ತೊಂಡೇಬಾವಿಯಲ್ಲಿ ಬುಕಾನನ್ ಎದುರು ಕುಳಿತು ಮಾತಾಡಿದ ರೈತರ ಹೆಸರುಗಳು ಆತನ ಪುಸ್ತಕದಲ್ಲೂ ಕಾಣುವುದಿಲ್ಲ. ಇಲ್ಲಿನ ಜನ ಹೇಳಿದರು, ಇಲ್ಲಿನ ರೈತರು ಹೇಳಿದರು, ಅಷ್ಟೇ. ಹೆಂಗಸರನ್ನು ಕೇಳಿದ್ದು ಇನ್ನೂ ಅಪರೂಪ. ಗಂಟು ಹೊತ್ತು, ಕೂಸು ಎತ್ತಿಕೊಂಡು ನಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅವರೇ ಇದ್ದಿರಬೇಕು.

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿತು. ಅಲ್ಲಿ ಈಗ ಸ್ಮಾರಕವಿದೆ, ಹೋದವರು ಮಡಿದವರ ಹೆಸರು ಓದಿ ಕೈಮುಗಿಯುತ್ತಾರೆ. ಅದು ಆಗಬೇಕಾದದ್ದೇ. 1791ರಲ್ಲಿ ಹಸಿದು ಸತ್ತವರಿಗೆ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಒಂದು ಕಲ್ಲೂ ಇಲ್ಲ. ಅವರಿಗೆ ಉಳಿದಿರುವುದು ಬುಕಾನನ್ ಪುಸ್ತಕದ ಕೆಲವು ಸಾಲು, ವಿಲ್ಕ್ಸ್ ಪುಸ್ತಕದ ಒಂದು ಪದ. ಅವೂ ಇಂಗ್ಲಿಷಿನಲ್ಲಿವೆ.

ಬುಕಾನನ್ ಮಾಡಿದ ಕೆಲಸಕ್ಕೆ ದೊಡ್ಡ ಪದವಿ ಬೇಕಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಪುಸ್ತಕ, ಪೆನ್ನು, ಕೇಳುವ ತಾಳ್ಮೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿ ತಾಳೆ ನೋಡುವ ಅಭ್ಯಾಸ ಇದ್ದರೆ ಸಾಕು. ನಮ್ಮ ಹಳ್ಳಿಗಳಲ್ಲಿ ಕೆರೆ ಒಣಗಿದ ವರ್ಷಗಳನ್ನು, ಗುಳೆ ಹೋದವರನ್ನು, 2020ರ ಲಾಕ್‌ಡೌನ್‌ನಲ್ಲಿ ಹೆದ್ದಾರಿ ಹಿಡಿದು ನಡೆದೇ ಹೋದ ಪರಊರಿನ ಕೂಲಿಗಳನ್ನು ಕಣ್ಣಾರೆ ಕಂಡವರು ಇದ್ದಾರೆ. ಪದವಿ ಕಾಲೇಜಿನಲ್ಲಿ ಪ್ರಾಜೆಕ್ಟ್ ಎಂದು ಅಂತರ್ಜಾಲದಿಂದ ನಕಲು ಮಾಡಿ ಬೈಂಡ್ ಹಾಕಿಸುವ ಬದಲು, ಅವರಲ್ಲಿ ಐದು ಜನರನ್ನು ಕೇಳಿ ಬರೆಯಬಹುದು. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಿದರೆ ಅದರಲ್ಲೇ. ಬರೆಯುವಾಗ ಬುಕಾನನ್ ಬಿಟ್ಟದ್ದನ್ನು ಮಾತ್ರ ನಾವು ಬಿಡಬಾರದು. ಒಪ್ಪಿಗೆ ಕೇಳಿಕೊಂಡು, ಹೇಳಿದವರ ಹೆಸರು, ಊರು, ವಯಸ್ಸು ಮೊದಲ ಸಾಲಿನಲ್ಲೇ ಬರೆದುಕೊಳ್ಳೋಣ.